ನೀರು ತುಂಬುವ ಹಬ್ಬಕ್ಕೆ ಖಾಲಿಯಾದ ಸಂಪು

ನಮ್ಮ ಬೀದಿಗೆ ನೀರು ಬಿಡುತ್ತಿದ್ದುದು ದಿನ ಬಿಟ್ಟು ದಿನ, ಬೆಳಗಿನ ಹೊತ್ತು. ಆರೂವರೆಗೆ ಬಂದರೂ ಬಂತು, ಎಂಟಕ್ಕೆ ಬಂದರೂ ಬಂತು. ಆ ಹೊತ್ತಿನಲ್ಲಿ ನಾನು ಮನೆಯಲ್ಲಿ ಇರುತ್ತಿರಲಿಲ್ಲ. ಶ್ರೀರಾಂಪುರದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಸಂಪಿಗೆ ರಸ್ತೆಯ ಹಿಂದಿನ ಒಂದು ಅಡ್ಡರಸ್ತೆಯಲ್ಲಿ, ಕಂಪ್ಯೂಟರುಗಳಿಗಾಗಿ ತುಂಬಿಟ್ಟ ನೀರನ್ನು ಕಾಯುತ್ತಿದ್ದೆ.

ಡೇಟಾ ಸೆಂಟರ್ ಎಂದ ಕೂಡಲೇ ಜನ ಪರದೆಗಳ ಮುಂದೆ ಸಾಲಾಗಿ ಕೂತ ಹುಡುಗ ಹುಡುಗಿಯರನ್ನು ಊಹಿಸಿಕೊಳ್ಳುತ್ತಾರೆ. ನಮ್ಮದರಲ್ಲಿ ಮನುಷ್ಯರೇ ಕಡಿಮೆ. ಒಂದು ಕಾಲದಲ್ಲಿ ಪ್ರಿಂಟಿಂಗ್ ಪ್ರೆಸ್ ಇದ್ದ ಕಟ್ಟಡ ಅದು. ಈಗ ಮೂರು ಮಹಡಿಯ ತುಂಬ ಬೀರುಗಳಂಥ ಕಪ್ಪು ಪೆಟ್ಟಿಗೆಗಳು ನಿಂತಿವೆ, ಹಗಲೂ ರಾತ್ರಿ ಕಾವು ಕಾರುತ್ತವೆ. ಆ ಕಾವನ್ನು ಪೈಪಿನೊಳಗಿನ ನೀರು ಹೊತ್ತು ತಾರಸಿಗೆ ಒಯ್ಯುತ್ತದೆ. ತಾರಸಿಯಲ್ಲಿ ಎರಡು ಕೂಲಿಂಗ್ ಟವರುಗಳಿವೆ: ನೆತ್ತಿಯ ಮೇಲೆ ದೊಡ್ಡ ಫ್ಯಾನು, ಬುಡದಲ್ಲಿ ತೊಟ್ಟಿ. ಒಂದು ಓಡುತ್ತಿರುತ್ತದೆ, ಇನ್ನೊಂದು ಕಷ್ಟಕಾಲಕ್ಕೆ. ನೀರು ಮೇಲಿಂದ ಸುರಿದು ತಣ್ಣಗಾಗುತ್ತದೆ. ಸುರಿಯುವಾಗ ಒಂದಿಷ್ಟು ಆವಿಯಾಗಿ ಮಲ್ಲೇಶ್ವರದ ಗಾಳಿ ಸೇರುತ್ತದೆ. ಹೀಗೆ ಹೋದಷ್ಟನ್ನೂ ನೆಲದಡಿಯ ಸಂಪಿನಿಂದ ಪಂಪು ಮಾಡಿ ತುಂಬುತ್ತಲೇ ಇರಬೇಕು. ನಿಲ್ಲಿಸಿದರೆ ತೊಟ್ಟಿ ಬತ್ತುತ್ತದೆ, ಪೆಟ್ಟಿಗೆಗಳು ಬಿಸಿಯಾಗುತ್ತವೆ, ಯಾರದೋ ಬ್ಯಾಂಕಿನ ಕೆಲಸ ಎಲ್ಲೋ ನಿಲ್ಲುತ್ತದೆ.

ನನ್ನ ಕೆಲಸ ಆ ನೀರಿನ ಯೋಗಕ್ಷೇಮ. ಬೋರ್‌ವೆಲ್ಲಿನ ಗಡಸು ನೀರನ್ನು ಮೆದು ಮಾಡುವ ಯಂತ್ರಕ್ಕೆ ಉಪ್ಪು ಸುರಿಯುವುದು, ಪಾಚಿ ಕಟ್ಟದ ಹಾಗೆ ಔಷಧಿ ಬಿಡುವುದು, ಜಾಲರಿ ಬಿಚ್ಚಿ ತೊಳೆಯುವುದು. ಬೆಳಿಗ್ಗೆ ಮೊದಲ ಕೆಲಸ ಗಡಸಿನ ಪರೀಕ್ಷೆ. ಗಾಜಿನ ಪಾತ್ರೆಯಲ್ಲಿ ನೀರು ತೆಗೆದುಕೊಂಡು ಬಣ್ಣ ಹಾಕಿದರೆ ಅದು ದ್ರಾಕ್ಷಿ ರಸದ ಹಾಗೆ ಕೆಂಪಾಗುತ್ತದೆ. ಆಮೇಲೆ ಹನಿ ಹನಿಯಾಗಿ ದ್ರಾವಣ ಬಿಡುತ್ತ ಹೋಗಬೇಕು, ಕೆಂಪು ಪೂರ್ತಿ ನೀಲಿಯಾದ ಕ್ಷಣ ನಿಲ್ಲಿಸಬೇಕು. ಅವಸರದಲ್ಲಿದ್ದ ದಿನ ಕಣ್ಣು ಇನ್ನೂ ನೇರಳೆಯಿದ್ದಾಗಲೇ ನೀಲಿ ಎಂದುಬಿಡುತ್ತದೆ. ನೆನಪೂ ಹಾಗೆಯೇ. ತನಗೆ ಸಾಕೆನಿಸಿದ ಕಡೆ ನಿಲ್ಲಿಸಿ, ಬಣ್ಣ ಬದಲಾಯಿತು ಎನ್ನುತ್ತದೆ. ಆದ್ದರಿಂದ ಇಲ್ಲಿ ನೇರಳೆಯಾಗಿಯೇ ಉಳಿದದ್ದನ್ನು ನೇರಳೆ ಎಂದೇ ಬರೆಯುತ್ತೇನೆ.

ನೇರಳೆಯಲ್ಲದ ಒಂದು ಸಂಗತಿ: ಆ ವರ್ಷ ಅಮ್ಮನಿಗೆ ಹರ್ನಿಯಾ ಆಪರೇಷನ್ ಆಗಿತ್ತು. ತುಂಬಿದ ಕೊಡ ಎತ್ತಲೇಬಾರದು, ಎತ್ತಿದರೆ ಒಳಗಿನ ಹೊಲಿಗೆ ಬಿಟ್ಟು ಮತ್ತೆ ಕೊಯ್ಯಬೇಕಾಗುತ್ತದೆ ಎಂದು ಡಾಕ್ಟರು ನನ್ನ ಎದುರಿಗೇ ಹೇಳಿದ್ದರು. ನಮ್ಮ ಮನೆ ಮೊದಲ ಮಹಡಿಯಲ್ಲಿ, ನಲ್ಲಿ ಕೆಳಗಿನ ಓಣಿಯಲ್ಲಿ. ಮನೆಯಲ್ಲಿ ಇರುವುದು ನಾವಿಬ್ಬರೇ.

"ಡಾಕ್ಟ್ರಿಗೇನು, ಹೇಳ್ತಾರೆ. ಅವ್ರ ಮನೆಗೆ ನೀರು ಯಾರು ಹೊರ್ತಾರೆ ಅಂತ ನೀನು ಕೇಳಿದ್ಯಾ?" ಎಂದಳು ಅಮ್ಮ, ಆಟೋದಲ್ಲಿ ಬರುವಾಗ.

"ಅವ್ರ ಮನೇಲಿ ಮೋಟ್ರು ಇರತ್ತೆ."

"ಮತ್ತೆ? ಮೋಟ್ರು ಇರೋರ ಮಾತು ಕೇಳ್ಕೊಂಡು ನಾವು ಕೂತ್ಕೊಳೋಕಾಗತ್ತಾ?"

ಕೆಳಗಿನ ಮನೆಯಾಕೆ ಒಂದಷ್ಟು ದಿನ ನಮ್ಮ ಕೊಡಗಳನ್ನೂ ತುಂಬಿ ಮೆಟ್ಟಿಲ ಬುಡದಲ್ಲಿ ಇಟ್ಟಳು. ಮೇಲಕ್ಕೆ ತರುವುದು ಆಕೆಯ ಕರಾರಿನಲ್ಲಿ ಇರಲಿಲ್ಲ. ನಾನು ಮಧ್ಯಾಹ್ನ ಬಂದು ಹೊತ್ತುಕೊಂಡು ಹೋಗುವಾಗ ಪ್ರತಿ ಸಲವೂ ಒಂದು ಮಾತು ಎಸೆಯುತ್ತಿದ್ದಳು: "ನೀರಿನ ಡಿಪಾರ್ಟ್‌ಮೆಂಟಲ್ಲೇ ಇದೀಯ, ಅಲ್ಲಿಂದ ಒಂದು ಪೈಪ್ ಎಳ್ಕೊಂಡ್ ಬಂದ್ಬಿಡು. ನಮ್ಗೂ ಒಂದು ನಲ್ಲಿ ಹಾಕ್ಸು." ನಗುತ್ತಲೇ ಹೇಳುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಅಷ್ಟರಲ್ಲಿ ಅಮ್ಮ ಅರ್ಧ ಕೊಡ ಹೊರಲು ಶುರು ಮಾಡಿದ್ದಳು. ಡಾಕ್ಟರು ಹೇಳಿದ್ದು ತುಂಬಿದ ಕೊಡದ ಬಗ್ಗೆ, ಅರ್ಧದ ಬಗ್ಗೆ ಏನೂ ಹೇಳಿಲ್ಲ ಎಂಬುದು ಅವಳ ವಾದ. ಅರ್ಧ ಯಾವಾಗ ಮುಕ್ಕಾಲಾಗುತ್ತಿತ್ತೋ ನಾನು ಕಂಡವಳಲ್ಲ.

ನನಗೆ ಬೇಕಾಗಿದ್ದುದು ಇಷ್ಟೇ: ಬೆಳಗಿನ ಮೊದಲ ಪಾಳಿಯಿಂದ ಮಧ್ಯಾಹ್ನದ ಎರಡನೇ ಪಾಳಿಗೆ ಬದಲಾವಣೆ. ನೀರು ಬರುವಾಗ ನಾನು ಮನೆಯಲ್ಲಿರಬೇಕು, ಅಮ್ಮನ ಕೈಗೆ ಕೊಡ ಸಿಗಬಾರದು. ಮ್ಯಾನೇಜರ್ ಹೊಸಬರು, ನನಗಿಂತ ಚಿಕ್ಕವರು, ಕೂಗಾಡುವವರಲ್ಲ. ಕೂಗಾಡಿದ್ದರೆ ಮರಳಿ ಕೂಗಬಹುದಿತ್ತು.

"ಲೇಡೀಸ್‌ಗೆ ಎರಡನೇ ಶಿಫ್ಟ್ ಆಗಲ್ಲ ಮೇಡಂ," ಎಂದರು. "ರಾತ್ರಿ ಎಂಟರ ಮೇಲೆ ಬಿಟ್ರೆ ಕ್ಯಾಬ್ ಕೊಡ್ಬೇಕು. ಜೊತೆಗೊಬ್ಬ ಗಾರ್ಡ್ ಕಳಿಸ್ಬೇಕು. ಪಾಲಿಸಿ."

"ನನಗೆ ಕ್ಯಾಬ್ ಬೇಡ ಸರ್. ಇಲ್ಲೇ ಶ್ರೀರಾಂಪುರ, ನಡ್ಕೊಂಡ್ ಹೋಗ್ತೀನಿ."

"ನಿಮಗೆ ಬೇಡ ಅಂದ್ರೂ ನಾವು ಕೊಡ್ಲೇಬೇಕು."

"ಹಾಗಾದ್ರೆ ಕೊಡಿ."

"ಕೊಡೋಕೆ ನಮ್ಮ ಹತ್ರ ಇಲ್ವಲ್ಲ ಮೇಡಂ."

"ಮತ್ತೆ?"

"ಮತ್ತೆ, ಮೊದಲನೇ ಶಿಫ್ಟೇ ನಿಮಗೆ ಸೇಫು."

ಈ ಮಾತುಕತೆ ಎಷ್ಟು ಸಲ ನಡೆಯಿತು ಎಂದು ಹೇಳಲಾರೆ. ಒಂದೇ ಸಲ ನಡೆದದ್ದನ್ನು ನನ್ನ ಸಿಟ್ಟು ಹತ್ತು ಸಲ ಓಡಿಸಿರಲೂಬಹುದು. ಕೊನೆಯಲ್ಲಿ ಅವರು ಪ್ರತಿ ಸಲವೂ "ನೋಡೋಣ" ಎನ್ನುತ್ತಿದ್ದರು ಎಂಬುದು ಮಾತ್ರ ಖಚಿತ. ಕೊನೆಯ ಮಾತಾಗಿ ಇಲ್ಲ ಎಂದು ಅವರು ಒಂದು ಸಲವೂ ಹೇಳಲಿಲ್ಲ. ಇಲ್ಲ ಎನ್ನದವರ ಜೊತೆ ಜಗಳ ಮಾಡುವುದು ಹೇಗೆ?

ದೀಪಾವಳಿ ಹತ್ತಿರ ಬಂತು. ಹಬ್ಬದ ಹಿಂದಿನ ದಿನ ನಮ್ಮಲ್ಲಿ ನೀರು ತುಂಬುವ ಹಬ್ಬ. ಬಚ್ಚಲ ಹಂಡೆಯನ್ನು ಬರಿದು ಮಾಡಿ, ಹುಣಸೆಹಣ್ಣು ಹಚ್ಚಿ ಉಜ್ಜಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕೊರಳಿಗೆ ಹೂವು ಸುತ್ತಿ ಹೊಸ ನೀರು ತುಂಬುವುದು. ಮರುದಿನದ ಎಣ್ಣೆಸ್ನಾನಕ್ಕೆ ಆ ನೀರೇ ಆಗಬೇಕು. ಡೇಟಾ ಸೆಂಟರಿನ ಯಾವ ಕೈಪಿಡಿಯಲ್ಲೂ ಈ ಹಬ್ಬ ಇಲ್ಲ. ನಮ್ಮ ಸೆಂಟರಿನಲ್ಲಿ ಇತ್ತು. ತಂದವರು ಎರಡನೇ ಪಾಳಿಯ ಹಿರಿಯ ಟೆಕ್ನಿಷಿಯನ್, ಚಾಮರಾಜಪೇಟೆಯವರು, ನಾವೆಲ್ಲ ಅಣ್ಣ ಎನ್ನುತ್ತಿದ್ದವರು. ಪ್ರತಿ ವರ್ಷ ಆ ದಿನ ಸುಮ್ಮನೆ ನಿಂತ ಟವರಿನ ತೊಟ್ಟಿಯನ್ನು ಬರಿದು ಮಾಡಿಸಿ, ಬ್ರಷ್ಷಿನಲ್ಲಿ ತಿಕ್ಕಿಸಿ, ಹೊಸ ನೀರು ಬಿಟ್ಟು, ಅಂಚಿಗೆ ಅರಿಸಿನ ಕುಂಕುಮ ಇಟ್ಟು ಕೈ ಮುಗಿಯುತ್ತಿದ್ದರು. ವರ್ಷಕ್ಕೊಂದು ಸಲ ತೊಟ್ಟಿ ತೊಳೆದ ಹಾಗೂ ಆಯಿತು, ಎಲ್ಲರಿಗೂ ಕಡಲೆಪುರಿ ಸಿಕ್ಕ ಹಾಗೂ ಆಯಿತು.

ಹೊಸ ಮ್ಯಾನೇಜರಿಗೆ ಇದು ಬಹಳ ಹಿಡಿಸಿತು. ಸಂಪನ್ನು ತೊಳೆದು ಬಹಳ ಕಾಲವಾಗಿತ್ತು, ಮುಂದಿನ ವಾರ ಗಿರಾಕಿಗಳ ಕಡೆಯವರು ನೋಡಲು ಬರುವವರಿದ್ದರು.

"ಈ ಸಲ ಸಂಪನ್ನೂ ಮಾಡಿಬಿಡೋಣ," ಎಂದರು.

ನಮ್ಮ ಸಂಪಿಗೆ ನಡುವೆ ಗೋಡೆ ಇದೆ. ಒಂದು ಅರ್ಧ ತೊಳೆಯುವಾಗ ಇನ್ನೊಂದು ತುಂಬಿರಲಿ ಎಂದೇ ಆ ಗೋಡೆ. ಅದನ್ನು ಕಟ್ಟಿದವನು ಜಾಣ. ಆದರೆ ಅಣ್ಣ ಹೇಳಿದರು: "ಹಳೇ ನೀರು ಒಂದು ಚೊಂಬು ಉಳಿದ್ರೂ ಅದು ಹಬ್ಬ ಅಲ್ಲ ಸರ್."

"ಕರೆಕ್ಟ್. ಎರಡು ಕಡೇನೂ ಮಾಡಿ. ಟ್ಯಾಂಕರ್ ಮಧ್ಯಾಹ್ನ ಹನ್ನೆರಡಕ್ಕೆ ಹೇಳ್ಬಿಡ್ತೀನಿ."

ಅಲ್ಲಿದ್ದ ಯಾರಿಗೂ ಇದರಲ್ಲಿ ತಪ್ಪು ಕಾಣಲಿಲ್ಲ. ಹಂಡೆ ತೊಳೆಯುವಾಗ ಅರ್ಧ ಹಂಡೆ ಹಳೇ ನೀರು ಉಳಿಸಿಕೊಳ್ಳುವವರು ಯಾರಿದ್ದಾರೆ? ನಾವೆಲ್ಲ ಅದೇ ಮನೆಗಳಿಂದ ಬಂದವರು. ನನ್ನ ತಲೆಯಲ್ಲಂತೂ ಒಂದೇ ಲೆಕ್ಕ ಓಡುತ್ತಿತ್ತು: ಕೆಲಸ ಚೆನ್ನಾಗಿ ಆದರೆ ಮ್ಯಾನೇಜರು ಖುಷಿಯಲ್ಲಿರುತ್ತಾರೆ, ಖುಷಿಯಲ್ಲಿದ್ದಾಗ ಪಾಳಿಯ ಮಾತು ಎತ್ತಬಹುದು. ಮನೆಯ ಕಡೆಯದೂ ಸರಿಹೊಂದಿತ್ತು. ಹಬ್ಬಕ್ಕೆಂದು ಅವತ್ತು ನಮ್ಮ ಬೀದಿಗೆ ಮಧ್ಯಾಹ್ನ ಮೂರಕ್ಕೆ ನೀರು ಬಿಡುವುದಾಗಿ ವಾಲ್ವ್ ತಿರುಗಿಸುವವನು ಹೇಳಿಹೋಗಿದ್ದ. ಎರಡಕ್ಕೆ ನನ್ನ ಪಾಳಿ ಮುಗಿಯುತ್ತದೆ. ಅಮ್ಮ ಹಂಡೆ ಉಜ್ಜಿ ಇಟ್ಟುಕೊಂಡಿರಲಿ, ನೀರು ನಾನು ಹೊರುತ್ತೇನೆ ಎಂದು ಒಪ್ಪಂದವಾಗಿತ್ತು.

ಬೆಳಿಗ್ಗೆಯೇ ಸಂಪಿನ ಎರಡೂ ಅರ್ಧಗಳನ್ನು ಚರಂಡಿಗೆ ಪಂಪು ಮಾಡಿದೆವು. ನಿಂತ ಟವರಿನ ತೊಟ್ಟಿಯನ್ನೂ ಬಿಟ್ಟೆವು. ಅಷ್ಟು ನೀರು ಹೋಗುವ ಸದ್ದು ಕೇಳುತ್ತ ನಿಂತಿದ್ದಾಗ ಅಮ್ಮನ ಕೊಡಗಳು ನೆನಪಾದವು ಎಂದು ಬರೆಯಲು ಆಸೆಯಾಗುತ್ತದೆ. ಆಗಿರಲಿಲ್ಲ. ಅದು ನಂತರ ಸೇರಿಕೊಂಡ ನೆನಪು. ಅವತ್ತು ಬೂಟು ಹಾಕಿಕೊಂಡು ಏಣಿ ಇಳಿದು, ತಳದ ಬೂದುಬಣ್ಣದ ಕೆಸರು ಬಳಿಯುತ್ತ, ಹೌಸ್‌ಕೀಪಿಂಗಿನವರ ಜೊತೆ ನಗುತ್ತಿದ್ದೆ. ಕೆಸರಿನಲ್ಲಿ ಯಾರದೋ ಒಂಟಿ ಚಪ್ಪಲಿ ಸಿಕ್ಕಿತು. ಪ್ರಿಂಟಿಂಗ್ ಪ್ರೆಸ್ಸಿನ ಕಾಲದ್ದು ಎಂದು ಒಬ್ಬಳು, ಮ್ಯಾನೇಜರದೇ ಎಂದು ಇನ್ನೊಬ್ಬಳು.

ಹನ್ನೆರಡಾಯಿತು. ಟ್ಯಾಂಕರ್ ಬರಲಿಲ್ಲ. ಹನ್ನೆರಡೂವರೆಗೆ ಡ್ರೈವರಿಗೆ ಫೋನು ಮಾಡಿದೆ.

"ಅಕ್ಕಾ, ಇವತ್ತು ಯಾವ ಹಬ್ಬ ಅಂತ ಗೊತ್ತಾ ಇಲ್ವಾ ನಿಮ್ಗೆ?" ಎಂದ. "ಊರೆಲ್ಲಾ ಹಂಡೆ ಬೋರಲು ಹಾಕ್ಕೊಂಡು ಕಾಯ್ತಾವ್ರೆ. ಒಂದೊಂದು ಬೀದೀಲೂ ಅಡ್ಡ ನಿಂತ್ಕೊಂಡು ಗಾಡಿ ನಿಲ್ಲಿಸ್ತಾವ್ರೆ. ಮೊದ್ಲು ಮನೆಗಳು, ಆಮೇಲೆ ಕಂಪ್ನಿ."

"ಹನ್ನೆರಡಕ್ಕೆ ಅಂತ ಒಪ್ಕೊಂಡಿದ್ರಲ್ಲ?"

"ಒಪ್ಕೊಂಡೋರು ಓನರು. ಓನರ್ ಮನೆ ಹಂಡೇನೇ ತುಂಬಿಲ್ಲ ಅಕ್ಕಾ." ನಗುತ್ತ ಫೋನು ಇಟ್ಟ.

ಹಾಗೆ ನಮಗೆ ತಿಳಿಯಿತು. ವರ್ಷದ ಆ ಒಂದು ದಿನ ಇಡೀ ಊರು ತನ್ನ ಪಾತ್ರೆಗಳನ್ನು ಒಟ್ಟಿಗೆ ಬರಿದು ಮಾಡಿ ಒಟ್ಟಿಗೆ ತುಂಬುತ್ತದೆ. ಅವತ್ತೇ ನಾವೂ ಊರಿನ ಅತಿ ದೊಡ್ಡ ಹಂಡೆಯೊಂದನ್ನು ಬರಿದು ಮಾಡಿಕೊಂಡು ಕೂತಿದ್ದೆವು. ಕಟ್ಟಡಕ್ಕೆ ಬರುವ ಕಾವೇರಿ ನೀರು ಬೆರಳು ಗಾತ್ರಕ್ಕೆ ಇಳಿದಿತ್ತು. ಬೋರ್‌ವೆಲ್ಲು ಒಂದಿಷ್ಟು ಉಗುಳಿ, ಉಸಿರು ತೆಗೆದುಕೊಂಡು, ಮತ್ತೆ ಉಗುಳುತ್ತಿತ್ತು. ಓಡುತ್ತಿದ್ದ ಟವರಿನ ತೊಟ್ಟಿಯಲ್ಲಿ ನೀರು ಗುರುತಿನ ಗೆರೆಯಿಂದ ಕೆಳಗಿಳಿಯತೊಡಗಿತು.

ಅಣ್ಣ ಒಂದೂವರೆಗೆ ಬಂದರು, ಕೈಯಲ್ಲಿ ಚೆಂಡುಹೂವಿನ ಚೀಲ. ಸಂಪಿನ ಮುಚ್ಚಳ ಎತ್ತಿ ಬಗ್ಗಿ ನೋಡಿದರು. ತಳ ಫಳಫಳ ಹೊಳೆಯುತ್ತಿತ್ತು.

"ಅಯ್ಯೋ ಶಿವನೇ. ಯಾರಿಗೂ ಹೊಳೀಲಿಲ್ವೇನಮ್ಮ?"

"ನಿಮಗೆ ಹೊಳೀತಾ ಅಣ್ಣ?"

ಮುಚ್ಚಳ ಮತ್ತೆ ಮುಚ್ಚಿದರು. "ಇಲ್ಲ ಕಣಮ್ಮ. ತೊಳೆದಿರೋದಂತೂ ಚೆನ್ನಾಗಿ ತೊಳ್ದಿದೀರ."

ಆಗಲೇ ಅಮ್ಮನ ಫೋನು ಬಂದದ್ದು. "ನೀರು ಬಂತು ಕಣೇ. ಬೇಗ ಬಿಟ್ಟವ್ರೆ. ಎಲ್ಲಿದೀಯ?"

"ಎರಡಕ್ಕೆ ಹೊರಡ್ತೀನಿ. ನೀನು ಮುಟ್ಬೇಡ."

"ನೀನು ಬರೋವರ್ಗೂ ಇದು ನಿಂತಿರತ್ತಾ? ಹಬ್ಬದ ದಿನ ಹಂಡೆ ಒಣಗಿಸಿ ಇಡಕ್ಕಾಗಲ್ಲ. ಬಂದ್ರೆ ಬಾ, ಇಲ್ದಿದ್ರೆ ನಾನೇ ಹೊತ್ಕೋತೀನಿ."

"ಅಮ್ಮ, ಹೊಲಿಗೆ..."

ಇಟ್ಟುಬಿಟ್ಟಳು.

ಮ್ಯಾನೇಜರ್ ಪಂಪುಮನೆಗೆ ಬಂದರು. ಕಾಲರು ಒದ್ದೆಯಾಗಿತ್ತು. "ಇವತ್ತು ಯಾರೂ ಹೋಗೋ ಹಾಗಿಲ್ಲ. ಮೊದಲನೇ ಶಿಫ್ಟೂ ಇಲ್ಲೇ ಇರ್ಬೇಕು."

"ಎಷ್ಟು ಹೊತ್ತು ಸರ್?"

"ನೀರು ಬರೋವರೆಗೆ. ರಾತ್ರಿ ಹತ್ತಾಗ್ಲಿ, ಹನ್ನೊಂದಾಗ್ಲಿ."

"ಎಂಟರ ಮೇಲಾದ್ರೆ ಕ್ಯಾಬು?"

ಅವರು ನನ್ನನ್ನು ನಿಜವಾದ ಆಶ್ಚರ್ಯದಿಂದ ನೋಡಿದರು. ಅದು ನಟನೆಯಾಗಿರಲಿಲ್ಲ, ಅದೇ ನನ್ನನ್ನು ಕೆರಳಿಸಿದ್ದು. "ಇದು ಎಮರ್ಜೆನ್ಸಿ ಮೇಡಂ. ನಿಮ್ಮ ಮನೆ ಇಲ್ಲೇ ಅಲ್ವಾ? ನಡ್ಕೊಂಡೇ ಹೋಗ್ಬಹುದಲ್ಲ."

ತಿಂಗಳುಗಟ್ಟಲೆ ನಾನು ಹೇಳಿದ್ದ ಮಾತು ಅದು. ಅವರ ಬಾಯಿಂದ ಇಷ್ಟು ಸಲೀಸಾಗಿ ಬಂತು. ಉತ್ತರವಾಗಿ ಏನೋ ಚೂಪಾಗಿ ಹೇಳಿದೆ ಎಂದು ಗೆಳತಿಯರಿಗೆ ಹೇಳಿಕೊಂಡಿದ್ದೇನೆ. ಹೇಳಿದವರಿಗೆಲ್ಲ ಬೇರೆ ಬೇರೆ ಮಾತು ಹೇಳಿದ್ದೇನೆ, ಆದ್ದರಿಂದ ಆ ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಬೂಟು ಬಿಚ್ಚಿದೆ. ಬೋರ್‌ವೆಲ್ಲಿನ ಪಂಪು ಯಾವ ಸ್ಥಿತಿಯಲ್ಲಿದೆ, ಡ್ರೈವರಿನ ನಂಬರು ಎಲ್ಲಿದೆ ಎಂದು ಅಣ್ಣನಿಗೆ ಒಪ್ಪಿಸಿದೆ. ಎರಡು ಹೊಡೆದ ಮೇಲೆ ಬಾಗಿಲ ಯಂತ್ರಕ್ಕೆ ಬೆರಳು ಒತ್ತಿ ಹೊರಬಿದ್ದೆ. ಅಣ್ಣ "ಹೋಗಮ್ಮ" ಎಂದರು ಎಂದು ನನ್ನ ನೆನಪು. ತಾನು ಹಾಗೆ ಅಂದಿಲ್ಲ, ಸುಮ್ಮನೆ ತಲೆ ಆಡಿಸಿದ್ದು ಎಂದು ಅವರು ಇಂದಿಗೂ ಸಾಧಿಸುತ್ತಾರೆ.

ಸಂಪಿಗೆ ರಸ್ತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹಣತೆ, ಹೂವು, ಬಾಳೆಕಂದು, ಪ್ಲಾಸ್ಟಿಕ್ ತೋರಣ. ಇಷ್ಟು ಜನಕ್ಕೆ ಇವತ್ತೇ ಕೆಲಸವೇ ಎಂದು ಎಲ್ಲರ ಮೇಲೂ ರೇಗುತ್ತ, ಬ್ಯಾಗು ಮುಂದಿಟ್ಟು ನುಗ್ಗಿದೆ. ಪ್ರತಿ ಓಣಿಯಲ್ಲೂ ಕೊಡಗಳ ಸಾಲು. ಪ್ರತಿ ಕೊಡದ ಹಿಂದೆ ನನಗೆ ಅಮ್ಮನ ಬೆನ್ನು ಕಾಣುತ್ತಿತ್ತು.

ಮನೆ ತಲುಪಿದಾಗ ಮೆಟ್ಟಿಲು ಕೆಳಗಿನಿಂದ ಮೇಲಿನವರೆಗೂ ಒದ್ದೆಯಾಗಿತ್ತು. ಅಮ್ಮ ಮೇಲಿನ ಮೆಟ್ಟಿಲ ಮೇಲೆ ಕೂತಿದ್ದಳು, ಪಕ್ಕದಲ್ಲಿ ಚೊಂಬು. ಹಂಡೆಯಲ್ಲಿ ಕಾಲುಭಾಗ ನೀರಿತ್ತು.

"ಎತ್ತಿದ್ಯಾ?"

"ಚೊಂಬಲ್ಲಿ ತಂದೆ. ಒಂದೊಂದೇ ಚೊಂಬು."

"ನಿಜ ಹೇಳಮ್ಮ."

"ಚೊಂಬು ಕಣ್ಣಿಗೆ ಕಾಣ್ತಿಲ್ವಾ? ಸುಮ್ನೆ ನಿಂತ್ಕೊಂಡ್ರೆ ಹಂಡೆ ತುಂಬತ್ತಾ? ಹೋಗು, ನಿಂತೋಗತ್ತೆ ಈಗ."

ಅವಳು ಕೈಯನ್ನು ಹೊಟ್ಟೆಯ ಬದಿಗೆ ಒತ್ತಿಕೊಂಡಿದ್ದಳೋ, ಸೆರಗು ಹಿಂಡುತ್ತಿದ್ದಳೋ. ಮೆಟ್ಟಿಲ ಮೇಲೆ ಚೆಲ್ಲಿದ ನೀರು ಚೊಂಬಿನದೋ ಕೊಡದ್ದೋ ಎಂದು ಬಣ್ಣ ಹಾಕಿ ನೋಡುವ ಪರೀಕ್ಷೆ ನನಗೆ ಗೊತ್ತಿಲ್ಲ. ನಾನು ಕೆಳಗೆ ಓಡಿದೆ. ನೀರು ನಿಲ್ಲುವವರೆಗೂ ಹೊತ್ತೆ. ಬ್ಯಾಗಿನೊಳಗೆ ಫೋನು ಹೊಡೆದುಕೊಳ್ಳುತ್ತಲೇ ಇತ್ತು. ಹಂಡೆ ಕಂಠದವರೆಗೆ ತುಂಬಿತು. ಅಮ್ಮ ಪಟ್ಟೆ ಎಳೆದು ಹೂವು ಸುತ್ತಿದಳು. ಮುಂದಿನ ವಾರ ಡಾಕ್ಟರಿಗೆ ತೋರಿಸಿದಾಗ ಹೊಲಿಗೆ ಸರಿಯಾಗಿಯೇ ಇತ್ತು. ಅಮ್ಮ ಗೆದ್ದವಳ ಹಾಗೆ ನನ್ನ ಮುಖ ನೋಡಿದಳು. ನನಗೆ ಸಮಾಧಾನಕ್ಕಿಂತ ಸಿಟ್ಟೇ ಹೆಚ್ಚು ಬಂತು.

ಆ ಮಧ್ಯಾಹ್ನ ಪ್ಲಾಂಟಿನಲ್ಲಿ ಏನಾಯಿತು ಎಂಬುದು ನನಗೆ ಇನ್ನೂ ಖಚಿತವಿಲ್ಲ, ನಾನು ಅಲ್ಲಿರಲಿಲ್ಲ. ಅಣ್ಣನ ಪ್ರಕಾರ ಮೂರೂವರೆಗೆ ಟ್ಯಾಂಕರ್ ಬಂತು. ಗೇಟಿನ ಸೆಕ್ಯುರಿಟಿಯ ಪ್ರಕಾರ ಟ್ಯಾಂಕರ್ ಬಂದದ್ದು ಸಂಜೆಗೆ, ಅಲ್ಲಿಯವರೆಗೆ ಬೆಂಕಿ ಆರಿಸಲು ಇಟ್ಟ ಟ್ಯಾಂಕಿನಿಂದ ಹೋಸ್ ಎಳೆದರು. ಆ ಟ್ಯಾಂಕನ್ನು ಮುಟ್ಟುವ ಹಾಗಿಲ್ಲ, ಆದ್ದರಿಂದ ಯಾರೂ ಮುಟ್ಟಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಎರಡನೇ ಮಹಡಿ ಬಿಸಿಯಾಯಿತು ಎಂದು ಒಬ್ಬರು, ಆಗಲೇ ಇಲ್ಲ ಎಂದು ಇನ್ನೊಬ್ಬರು. ಪೂಜೆ ಮಾತ್ರ ನಡೆಯಿತಂತೆ. ಅವತ್ತು ತೆಗೆದ ಫೋಟೋದಲ್ಲಿ ತೊಟ್ಟಿಯ ಅಂಚು, ಕುಂಕುಮ, ಚೆಂಡುಹೂವು ಕಾಣುತ್ತವೆ. ತೊಟ್ಟಿಯ ಒಳಗು ಕಾಣುವುದಿಲ್ಲ.

ಹಬ್ಬ ಮುಗಿದ ಮೇಲೆ ಮ್ಯಾನೇಜರ್ ಕರೆದರು. ಎಂದಿನಂತೆ ಮೆಲ್ಲಗೆ ಮಾತಾಡಿದರು.

"ಎಮರ್ಜೆನ್ಸಿ ಟೈಮಲ್ಲಿ ಬಿಟ್ಟು ಹೋಗಿದೀರ. ಸುಮ್ನಿರೋಕೆ ಆಗಲ್ಲ ಮೇಡಂ. ಮೇಲಿನವರು ಆ್ಯಕ್ಷನ್ ಕೇಳ್ತಿದಾರೆ."

"ನನ್ನ ಶಿಫ್ಟ್ ಮುಗಿದಿತ್ತು ಸರ್."

"ಅದಕ್ಕೇ ಸೀರಿಯಸ್ ಏನೂ ಮಾಡಿಲ್ಲ. ಸೋಮವಾರದಿಂದ ನಿಮ್ಮನ್ನ ಎರಡನೇ ಶಿಫ್ಟ್‌ಗೆ ಹಾಕಿದೀವಿ. ಹಿರಿಯರ ಕಣ್ಣೆದುರಿಗೆ ಇರಿ."

ನಾನು ತಪ್ಪಾಗಿ ಕೇಳಿಸಿಕೊಂಡೆನೇ ಎಂದು ಅವರ ಮುಖವನ್ನೇ ನೋಡಿದೆ. ಅಲ್ಲಿ ತಮಾಷೆ ಇರಲಿಲ್ಲ. ನಾನು ಕೇಳಿದ್ದೂ ಇದೇ ಎಂಬುದು ಅವರಿಗೆ ನೆನಪಿದ್ದ ಹಾಗೂ ಕಾಣಲಿಲ್ಲ.

"ಕ್ಯಾಬು ಇಲ್ಲ ಅಂದಿದ್ರಿ?"

"ಆಗ ಅದು ರಿಕ್ವೆಸ್ಟ್ ಇತ್ತು. ಈಗ ಆ್ಯಕ್ಷನ್. ಆ್ಯಕ್ಷನ್‌ಗೆ ಕೊಡ್ತಾರೆ."

ಸಹೋದ್ಯೋಗಿಗಳು ಬಿದ್ದು ಬಿದ್ದು ನಕ್ಕರು. "ಲಾಟ್ರಿ ಹೊಡೆದಿದೆ ಬಿಡಿ ಅಕ್ಕ, ಸ್ವೀಟ್ ಕೊಡ್ಸಿ," ಎಂದರು. ದೇವರು ಹೇಗೋ ದಾರಿ ತೋರಿಸಿದ ಎಂದು ಕೆಳಗಿನ ಮನೆಯಾಕೆ. ಈ ಕಥೆ ಹೀಗೆ ಅಚ್ಚುಕಟ್ಟಾಗಿ ಮಡಚಿಕೊಂಡದ್ದು ನನಗೆ ಹಿಡಿಸುವುದಿಲ್ಲ. ನೇರವಾಗಿ, ಕಾರಣ ಹೇಳಿ, ಮರ್ಯಾದೆಯಿಂದ ಕೇಳಿದಾಗ ಸಿಗದೇ ಹೋದದ್ದು ತಪ್ಪಿತಸ್ಥಳಾದ ಕೂಡಲೇ ಸಿಕ್ಕಿತು. ನನಗೆ ಬೇಕಿದ್ದುದು ಪಾಳಿಯೊಂದೇ ಅಲ್ಲ, ಕೇಳಿದ್ದಕ್ಕೆ ಒಂದು ಉತ್ತರವೂ ಬೇಕಿತ್ತು. ಅದು ಇಂದಿಗೂ ಬಂದಿಲ್ಲ.

ಈಗ ದಿನವೂ ಕ್ಯಾಬು ಬರುತ್ತದೆ. ನಡೆದರೆ ಬೇಗ ಮುಟ್ಟುವ ಮನೆಗೆ ಅದು ಒನ್‌ವೇಗಳನ್ನು ಸುತ್ತಿ, ಓಕಳಿಪುರಂ ಕಡೆಯಿಂದ ಬಳಸಿ ಬರುತ್ತದೆ. ಮುಂದಿನ ಸೀಟಿನಲ್ಲಿ ನನ್ನನ್ನು ಕಾಯುವ ಗಾರ್ಡ್ ತೂಕಡಿಸುತ್ತಾನೆ. ನಾನು ಇಳಿಯುವಾಗ ನಾನೇ ಅವನನ್ನು ಎಬ್ಬಿಸಬೇಕು.

ಬೆಳಿಗ್ಗೆ ನೀರು ಬಂದಾಗ ಮಾತ್ರ ನಾನು ಮನೆಯಲ್ಲಿರುತ್ತೇನೆ. ಅಮ್ಮ ಮೇಲೆ ನಿಂತು ಕೊಡ ಸರಿಯಾಗಿ ತೊಳೆದೆಯಾ, ಸೋಸುವ ಬಟ್ಟೆ ಕಟ್ಟಿದೆಯಾ ಎಂದು ಕೂಗುತ್ತಿರುತ್ತಾಳೆ. ಗಡಸು ಮೆದು ನೋಡಿ ಸಂಬಳ ಎಣಿಸುವ ನನಗೆ ನೀರು ಹಿಡಿಯುವುದು ಹೇಗೆಂದು ಪಾಠ. ಮೊನ್ನೆ ಕೊನೆಯ ಕೊಡ ಇಳಿಸುವಾಗ ಕೇಳಿದಳು:

"ಎಷ್ಟು ದಿವ್ಸ ಈ ಶಿಕ್ಷೆ?"

"ಗೊತ್ತಿಲ್ಲ. ನಡತೆ ನೋಡಿ ಮತ್ತೆ ಮೊದಲನೇ ಪಾಳಿಗೆ ಹಾಕ್ತಾರಂತೆ."

ಅಮ್ಮ ಸೋಸುವ ಬಟ್ಟೆ ಬಿಚ್ಚಿ ಹಿಂಡಿದಳು.

"ಹಂಗಾದ್ರೆ ಜಾಸ್ತಿ ಒಳ್ಳೆಯವಳ ಥರ ಇರ್ಬೇಡ," ಎಂದಳು. "ಆವಾಗಾವಾಗ ಎದುರು ಮಾತಾಡ್ತಾ ಇರು."